ಸರ್ವೆ ದುರ್ಬೀನಿನ ಎಳೆ

ಶಿಡ್ಲಘಟ್ಟ, ೧೪-೮-೧೯೯೧, ಬುಧವಾರ

ಗುಜರಿ ಬಯ್ಯಪ್ಪ ಹರಾಜಿನಲ್ಲಿ ಹಿಡಿದ ಹಳೆಯ ಸರ್ವೆ ದುರ್ಬೀನನ್ನು ಒಡೆಯುವ ಮುಂಚೆ ನನಗೆ ತಂದು ತೋರಿಸಿದ. "ಸಾಬ್ರೇ, ನಿಮ್ಮ ಉಸ್ತಾದ್ರು ಮಾಡಿದ್ದಲ್ವಾ ಇದು? ಹಿತ್ತಾಳೆ ಚೆನ್ನಾಗೈತೆ."

ನೋಡಿದೊಡನೆ ಗುರುತು ಸಿಕ್ಕಿತು. ಜಮೀನು ಅಳೆಯುವಾಗ ಗುರಿ ಹಿಡಿಯಲು ಗಾಜಿನ ಮುಂದೆ ಅಡ್ಡಕ್ಕೊಂದು ಉದ್ದಕ್ಕೊಂದು ಎಳೆ ಬೇಕು; ನನಗೆ ಕೆಲಸ ಕಲಿಸಿದ ಖಾಜಾ ಪೀರ್ ಉಸ್ತಾದರು ಅದಕ್ಕೆ ಜೇಡನ ಎಳೆಯನ್ನೇ ಕಟ್ಟುತ್ತಿದ್ದರು. ನಮ್ಮೂರ ರೇಷ್ಮೆ ಇರುವಾಗ ಜೇಡ ಯಾಕೆ ಎಂದು ಹಟ ಹಿಡಿದು, ಇದಕ್ಕೆ ಮಾತ್ರ ನಾನು ರೇಷ್ಮೆಗೂಡಿನ ಎಳೆ ಕಟ್ಟಿದ್ದೆ. "ಮಳೆಗಾಲದ ಥಂಡಿಗೆ ಜೋಲುತ್ತೆ ಬೇಟಾ" ಅಂದರು. ಆದರೂ ಬಿಚ್ಚಿಸಲಿಲ್ಲ. ಮುಂದೆ ಸರ್ವೆಯವರು ಇದನ್ನು ಹಿಡಿದು ಅಂಗಡಿಗೆ ಬಂದಾಗಲೆಲ್ಲ ಉಸ್ತಾದರು ನನ್ನತ್ತ ಕೈತೋರಿಸಿ, "ಇವನ ರೇಷ್ಮೆ ಇನ್ನೂ ಬಿಗಿಯಾಗಿದೆ, ನೋಡ್ರಿ" ಎನ್ನುತ್ತಿದ್ದರು. ಆ ಒಂದು ಮಾತಿನ ಧೈರ್ಯದಲ್ಲೇ ಮೂವತ್ತು ವರ್ಷ ಈ ಕೆಲಸ ಮಾಡಿದೆ.

ಸಂಜೆ ಬಿಚ್ಚಿ ಭೂತಗನ್ನಡಿ ಹಿಡಿದೆ. ರೇಷ್ಮೆ ಇಲ್ಲ. ಅಡ್ಡದ್ದೂ ಉದ್ದದ್ದೂ ಜೇಡನ ಎಳೆಯೇ. ಎಳೆಯ ತುದಿ ಅಂಟಿಸಿದ ಅರಗಿನ ಸಣ್ಣ ಚುಕ್ಕಿಗಳು ಉಸ್ತಾದರ ಕೈಯವು. ಯಾವಾಗ ಬದಲಿಸಿದರೋ. ಸಾಯುವ ತನಕ ಹೇಳಲಿಲ್ಲ.

"ಒಡೀಲಾ, ಸಾಬ್ರೇ?" ಎಂದು ಬಯ್ಯಪ್ಪ ಕೇಳಿದ. ಬೇಡಪ್ಪ ಎಂದೆ.

ಈಗ ಮೇಜಿನ ಮೇಲಿದೆ. ಬರೆಯುವುದನ್ನು ಬಿಟ್ಟು ಮತ್ತೊಮ್ಮೆ ಕಣ್ಣಿಟ್ಟು ನೋಡಿದೆ. ಇನ್ನೂ ಬಿಗಿಯಾಗಿದೆ.