ಎಣ್ಣೆ ಬಾಟಲಿ ಜಪ್ತಾಗಿದೆ, ಹುಣ್ಣಿಮೆ ಬರುತ್ತಿದೆ

ನಮ್ಮ ಓಣಿಯ ಶಾಂತಿ ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ನಮ್ಮ ಮನೆಯ ಕಟ್ಟೆಯ ಮೇಲಿಂದ ಒಂದು ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ಒಂದು ಬಾಚಣಿಕೆಯನ್ನೂ ಜಪ್ತು ಮಾಡಿಸಿದಿರಿ. ಅವುಗಳ ಒಡತಿ ಕರುಣಾಬಾಯಿಯವರು ವಿಚಾರಣೆ ಮುಗಿಯುವತನಕ ಓಣಿಗೆ ಕಾಲಿಡಬಾರದೆಂದು ತಾಕೀತು ಮಾಡಿದಿರಿ. ಇದರಿಂದ, ಬರುವ ಭಾರತ ಹುಣ್ಣಿಮೆಗೆ ಹದಿಮೂರು ವರ್ಷದ ಒಬ್ಬ ಹುಡುಗಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವವರ ದಾರಿ ಸಲೀಸಾಗಿದೆ. ಇದನ್ನು ಖುದ್ದಾಗಿ ಹೇಳಲು ಬಂದೆ, ನಿಮ್ಮ ಕೋಣೆಯ ಬಾಗಿಲಲ್ಲೇ ತಡೆದರು. ಆದ್ದರಿಂದ ಪೇಪರಿನಲ್ಲಿ, ಊರೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಾನು ಬೆಟಗೇರಿಯವಳು, ಬಿ.ಎ. ಓದಿದವಳು, ಎಂಟು ತಿಂಗಳ ಹೆಣ್ಣುಕೂಸಿನ ತಾಯಿ. ಕೂಸಿಗೆ ಹಲ್ಲು ಬರುತ್ತಿವೆ, ಅದು ಮಲಗುವುದಿಲ್ಲ. ಅದು ಮಲಗಿದಾಗ ನನಗೆ ನಿದ್ದೆ ಬರುವುದಿಲ್ಲ. ನಮ್ಮೂರು ಜಿಲ್ಲಾಕೇಂದ್ರವಾದ ಮೇಲೆ ನಮಗೆ ಕಚೇರಿಗಳು ಬಂದವು, ಕಚೇರಿಗೆ ಬಂದವರಿಗಾಗಿ ಲಾಡ್ಜೆಂಬ ವಸತಿಗೃಹಗಳು ಬಂದವು, ವಸತಿಗೃಹಗಳ ಹಿಂಬಾಗಿಲು ನಮ್ಮ ಓಣಿಗೆ ತೆರೆದವು. ಅಭಿವೃದ್ಧಿ ಎಂದರೆ ಇದೇ ಇರಬೇಕೆಂದು ನಾವೂ ಸುಮ್ಮನಿದ್ದೆವು. ಆ ಬಾಗಿಲುಗಳ ಹಿಂದಿರುವ ಹೆಂಗಸರಲ್ಲಿ ಹುಲಿಗೆವ್ವ ಒಬ್ಬಳು. ಹೆಸರು ಬದಲಿಸಿದ್ದೇನೆ, ಖರೆ ಹೆಸರೂ ಹಳ್ಳಿಯ ವಿಳಾಸವೂ ನಿಮ್ಮ ಕಚೇರಿಗೆ ತಲುಪಿವೆ. ಅವಳನ್ನು ಇಟ್ಟುಕೊಂಡ, ಹಿಂಬಾಗಿಲಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮನೆಯೊಡತಿ ಮಹಾ ದೈವಭಕ್ತೆ. ಮಂಗಳವಾರ ದೇವಿಯ ವಾರವೆಂದು ಅಂದು ಗಿರಾಕಿ ಸೇರಿಸುವುದಿಲ್ಲ. ಮಧ್ಯಾಹ್ನ ನಮ್ಮ ಕಟ್ಟೆಯತನಕ ಬಿಡುತ್ತಾಳೆ, ಓಣಿ ದಾಟಲು ಮಾತ್ರ ಬಿಡುವುದಿಲ್ಲ. ದೇವಿ ಕೊಟ್ಟ ಆ ರಜೆಯಲ್ಲೇ ಯೇಸುವಿನ ಕಡೆಯ ಕರುಣಾಬಾಯಿ ಬರುತ್ತಿದ್ದರು. ನಿವೃತ್ತ ನರ್ಸ್, ಚೀಲದಲ್ಲಿ ಬೈಬಲ್, ಎಣ್ಣೆ, ಬಾಚಣಿಕೆ. ಹೆಂಗಸರ ಹಿಂದೆ ಕುಳಿತು ತಲೆಗೆ ಎಣ್ಣೆ ತಿಕ್ಕುತ್ತ, ಹೇನು ತೆಗೆಯುತ್ತ ಪ್ರಾರ್ಥನೆ ಮಾಡುತ್ತಿದ್ದರು.

ಯೇಸುವಿನ ಹೆಸರು ಹೇಳುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಧಾರಾಳವಾಗಿ ಹೇಳುತ್ತಿದ್ದರು. ನನ್ನ ಅತ್ತೆ ದಿಲಶಾದಬಿ ಒಳಗಿನಿಂದ ಗದರುತ್ತಿದ್ದರು: "ಏ ಬಾಯಿ, ನಿಮ್ಮ ದೇವರಿಗೆ ಕಿವಿ ಮಂದ ಐತೇನ? ನಮ್ಮ ಕೂಸು ಏಳತೈತಿ, ಸಣ್ಣಗ ಬೇಡ್ಕೊಳ್ರಿ."

"ದೇವರಿಗೆ ಕೇಳಸತೈತ್ರಿ ಅಮ್ಮಾ. ಈ ಹುಡಿಗ್ಯಾರಿಗೆ ಕೇಳಸಲಿ ಅಂತ ಜೋರ್ ಹೇಳ್ತೀನಿ."

ಹುಲಿಗೆವ್ವ ನಗುತ್ತಿದ್ದಳು: "ಬಾಯಾರ, ಪ್ರಾರ್ಥನಿ ಆತಿಲ್ರಿ? ಇನ್ನ ಜಡಿ ಬಿಗಿ ಹಾಕ್ರಿ. ಹ್ವಾದ ವಾರ ನಿಮ್ಮ ಯೇಸಪ್ಪನ ಕೂಡ ಮಾತಾಡ್ಕೋತ ಸಡ್ಲ ಹಾಕಿದ್ರಿ."

ಎಣ್ಣೆ ಹಚ್ಚುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮುಖ ಕಾಣದಿದ್ದಾಗ ಮಾತು ಹೊರಬರುತ್ತದೆ. ನಿಮ್ಮ ವಿಚಾರಣಾ ಕೊಠಡಿಗಳಲ್ಲಿ ಬಾರದ ಮಾತು ನಮ್ಮ ಕಟ್ಟೆಯ ಮೇಲೆ ಬರುತ್ತಿತ್ತು. ಹಾಗೆಯೇ ಒಂದು ಮಂಗಳವಾರ ಹುಲಿಗೆವ್ವ ಹೇಳಿದಳು: "ಅವ್ವ ಖಬರ ಕಳಿಸ್ಯಾಳ್ರಿ. ಹುಣ್ಣಿವಿಗೆ ಊರಾಗ ಅಕಿ ಕಡೆ ಇರೂ ನನ್ನ ಮಗಳಿಗೆ ಮುತ್ತು ಕಟ್ಟಸ್ತಾಳಂತ. ಗಂಡಮಗ ಇಲ್ಲದ ಮನಿ, ದೀಪಾ ಹಚ್ಚಾವ್ರು ಯಾರು ಅಂತಾಳ. ನನಗ ಕಟ್ಟಸೂ ಮುಂದನೂ ಹಿಂಗ ಅಂದಿದ್ಲು."

ಕರುಣಾಬಾಯಿಯವರ ಕೈ ನಿಂತಿತು.

"ಕೈ ನಿಲ್ಲಸಬ್ಯಾಡ್ರಿ ಬಾಯಾರ. ನಿಂತ್ರ ನನಗ ಹೇಳಾಕ ಆಗಂಗಿಲ್ಲ."

ಆ ಕೆಂಪು ಬಿಳಿ ಮಣಿಗಳ ಸರ ಕೊರಳಿಗೆ ಬಿದ್ದರೆ ಹುಡುಗಿ ದೇವಿಯ ಪಾಲು, ಅವಳಿಗೆ ಮದುವೆಯಿಲ್ಲ. ಆಮೇಲೆ ಅವಳು ಯಾರ ಪಾಲಾಗುತ್ತಾಳೆಂಬುದನ್ನು ನಮ್ಮ ಓಣಿಗೆ ಬಂದು ನೋಡಬಹುದು. ಇದನ್ನು ನಿಷೇಧಿಸಿದ ಕಾನೂನು ನಾನು ಶಾಲೆಗೆ ಹೋಗುವ ಮೊದಲೇ ಬಂದಿದೆಯಂತೆ. ಎಲ್ಲಿಗೆ ಬಂದಿದೆ, ಮಾನ್ಯರೇ? ಮುಂಡರಗಿ ದಾಟಿ ಆ ಹೊಳೆದಂಡೆಯ ಹಳ್ಳಿಗೆ ಬಸ್ಸು ಸಿಗದೆ ದಾರಿಯಲ್ಲೇ ಉಳಿಯಿತೇ?

ಕರುಣಾಬಾಯಿ ಅಂದು ಕಣ್ಣು ಮುಚ್ಚದೆ ಪ್ರಾರ್ಥಿಸಿದರು. ಮುಗಿಸಿ, "ಬರೂ ಮಂಗಳವಾರ ನಾ ಜೀಪು ತರ್ತೀನಿ. ನೀ ಮುಂದ ಕುಂತು ದಾರಿ ತೋರ್ಸು. ಹುಡುಗೀನ ಕರ್ಕೊಂಡು ಬಂದು ನಮ್ಮ ಹಾಸ್ಟೆಲಿನ್ಯಾಗ ಇಡೂಣು. ನೀನೂ ಮತ್ತ ಈ ಓಣಿಗೆ ಬರೂದು ಬ್ಯಾಡ" ಎಂದರು.

ಆ ಮಂಗಳವಾರ ಜೀಪು ಬಂತು. ನಿಮ್ಮದು. "ಸ್ತ್ರೀಯರ ಶಿರಸ್ಸಿಗೆ ತೈಲವೆರೆದು ಧರ್ಮ ಬದಲಿಸುವ ವಿಧಿ" ನಡೆದಿದೆಯೆಂದು ಯಾರೋ ದೂರು ಕೊಟ್ಟಿದ್ದರಂತೆ. ಯಾರೋ ಏನು, ಓಣಿಗೆಲ್ಲ ಗೊತ್ತು: ವಸತಿಗೃಹದ ಹಿಂಬಾಗಿಲಿನ ಕೀಲಿ ಯಾರ ಸೊಂಟದಲ್ಲಿದೆಯೋ ಅವರು. ಅವರ ಧರ್ಮಶ್ರದ್ಧೆ ಆ ವಾರವೇ ಯಾಕೆ ಕೆರಳಿತೆಂದು ನೀವು ಕೇಳಲಿಲ್ಲ. ನಿಮ್ಮ ಪೇದೆ "ಇದು ಯಾವ ವಿಧಿ?" ಎಂದು ಬಾಟಲಿ ಎತ್ತಿ ಹಿಡಿದಾಗ ನನ್ನ ಅತ್ತೆ, "ಹೇನಿನ ವಿಧಿನೋ ತಮ್ಮಾ. ಟೊಪ್ಪಿಗಿ ತಗಿ, ನಿನಗೂ ಮಾಡ್ತೇವಿ" ಎಂದರು. ಅವನು ಬಾಚಣಿಕೆಯನ್ನೂ ಎತ್ತಿಕೊಂಡ. ಎಣ್ಣೆ ಹಚ್ಚಿದರೆ ಮತಾಂತರವಾಗುವುದಾದರೆ, ಶಾಲೆಯ ಗಂಟೆಗೆ ಮೊದಲು ಲಕ್ಷ್ಮೇಶ್ವರ, ಶಿರಹಟ್ಟಿಗಳ ಪ್ರತಿ ಮನೆಯ ತಾಯಿಯನ್ನೂ ಹಿಡಿಯಬೇಕಾಗುತ್ತದೆ. ಅಷ್ಟು ಜೀಪುಗಳಿವೆಯೇ ನಿಮ್ಮಲ್ಲಿ?

ಕೂಸನ್ನು ಎತ್ತಿಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಕುರ್ಚಿ ತೋರಿಸಿ, "ಕುಂಡ್ರಿ. ಆ ಹುಡುಗಿಗೂ ನಿಮಗೂ ಸಂಬಂಧ ಏನ್ರಿ?" ಎಂದರು.

"ಏನಿಲ್ರಿ. ಅವರ ಅವ್ವ ನಮ್ಮ ಕಟ್ಟಿ ಮ್ಯಾಲ ಕುಂಡ್ರತಾಳ."

"ಮುತ್ತು ಕಟ್ಯಾರೇನ?"

"ಇನ್ನೂ ಇಲ್ರಿ. ಹುಣ್ಣಿವಿಗೆ."

"ಹಂಗಾದ್ರ ಹುಣ್ಣಿವಿ ಆದ ಮ್ಯಾಲ ಬರ್ರಿ ತಂಗಿ. ಗುನ್ನೆ ಆಗಬೇಕಲ್ಲ."

ಅಂದಿನಿಂದ ಆ ಮಾತು ನನ್ನನ್ನು ಮಲಗಲು ಬಿಟ್ಟಿಲ್ಲ. ಎಣ್ಣೆಯ ವಿಷಯದಲ್ಲಿ ಆಗದ ಗುನ್ನೆಗೂ ಧಾವಿಸಿ ಬಂದವರು ನೀವು. ಈ ಹುಡುಗಿಯ ವಿಷಯದಲ್ಲಿ ಮಾತ್ರ ಗುನ್ನೆ ಪೂರ್ತಿ ಆಗಿ ಮುಗಿಯಬೇಕೇ? ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ಅವಳ ಕೊರಳು ನನ್ನ ಎರಡು ಬೆರಳಿನಷ್ಟಿರುತ್ತದೆ. ಹುಲಿಗೆವ್ವನ ಮಗಳದೂ ಒಮ್ಮೆ ಅಷ್ಟೇ ಇತ್ತಲ್ಲವೇ?

ಮೊನ್ನೆ ಮಂಗಳವಾರ ಹುಲಿಗೆವ್ವ ಬಂದಳು. ಯಾರೂ ಇಲ್ಲದ ಕಟ್ಟೆಯ ಮೇಲೆ ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಗೋಡೆಗೆ ಬೆನ್ನು ಮಾಡಿ ಕುಳಿತಳು, ಜಡೆ ಬಿಚ್ಚಿದಳು, ಕಾದಳು. ನೋಡಲಾಗದೆ ನನ್ನ ಕೂಸಿನ ಎಣ್ಣೆ ತಂದು ಅವಳ ಹಿಂದೆ ಕುಳಿತೆ. ಅವಳೇ ಅಂದಳು: "ಬಾಯಾರು ಏನರ ಅಂತಿದ್ರವಾ. ನೀನೂ ಏನರ ಅನ್ನು." ನನಗೆ ಬರುವುದು ನನ್ನ ದುವಾ ಮಾತ್ರ, ಅದನ್ನೇ ಅವಳ ಮಗಳಿಗಾಗಿ ಕೇಳಿಕೊಂಡೆ. ಆಮೀನ್ ಎಂದಾಗ ಅವಳು ತಿರುಗಿ ನೋಡಿದಳು: "ಬಾಯಾರೂ ಹಿಂಗ ಮುಗಸ್ತಾರ." ಆಮೇಲೆ, "ಪೇಪರಿಗೆ ಬರಿ ತಂಗಿ. ನನಗೇನ ಆದ್ರೂ ಆಗಲಿ" ಎಂದಳು.

ಈಗ ಹೇಳಿ: ಮುಸಲ್ಮಾನಳಾದ ನಾನು, ಕ್ರೈಸ್ತ ಬಾಯಿಯವರ ಬದಲಿಗೆ ಕುಳಿತು, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳ ತಲೆಗೆ ಎಣ್ಣೆ ಹಚ್ಚಿದರೆ ಯಾರು ಯಾವ ಮತಕ್ಕೆ ಹೋದಂತಾಯಿತು? ವಿಚಾರಣೆ ಮಾಡಿ, ನಿಧಾನವಾಗಿ ಮಾಡಿ. ಈ ಮಂಗಳವಾರವೂ ನಾನು ಕಟ್ಟೆಯ ಮೇಲೆಯೇ ಇರುತ್ತೇನೆ. ಬಾಟಲಿ, ಬಾಚಣಿಕೆಗಳೂ ನಿಮ್ಮಲ್ಲೇ ಇರಲಿ. ಕರುಣಾಬಾಯಿಯವರ ಮೇಲಿನ ತಡೆ ತೆಗೆಯಿರಿ. ಮತ್ತು ಹುಣ್ಣಿಮೆಗೆ ಮೊದಲು ನಿಮ್ಮ ಜೀಪನ್ನು ಆ ಹಳ್ಳಿಗೆ ಕಳಿಸಿ. ಮುಂದಿನ ಸೀಟಿನಲ್ಲಿ ಹುಲಿಗೆವ್ವನನ್ನು ಕೂರಿಸಿ. ದಾರಿ ಅವಳಿಗೆ ಗೊತ್ತಿದೆ.

ಇಂತಿ,
ಕೈಯ ಜಿಡ್ಡು ಆರುವ ಮೊದಲೇ ಬರೆಯಲು ಕುಳಿತ,
ರುಹಿ, ಸಾಯಿಮಾಳ ತಾಯಿ
ಬೆಟಗೇರಿ