ಬದುಕಿರುವ ಪೈಲಟ್‌ನ ಗಡಿಯಾರ

ಮೈದುನ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಬರಿದೇ ಮೈದುನ. ನಿನ್ನ ಅಣ್ಣ "ಹೋಗ್ಲಿ ಬಿಡೇ" ಎನ್ನುತ್ತಿದ್ದಾರೆ. ನಾನು ಬಿಡುವವಳಲ್ಲ.

ಹಳೆಯ ಯುದ್ಧವಿಮಾನಗಳ ಗಡಿಯಾರ ಕೂಡಿಡುವ ಹುಚ್ಚನ್ನು ನಿನಗೆ ಹತ್ತಿಸಿದ್ದು ಮಾವನವರೇ. ಅವರು ಹಾರಿಸುತ್ತಿದ್ದ ವಿಮಾನ ಗುಜರಿಗೆ ಹೋದಾಗ ಜೊತೆಯವರು ಅದರ ಗಡಿಯಾರ ಬಿಚ್ಚಿ ಅವರ ಕೈಗಿತ್ತರಂತೆ. ನಾನು ಸೊಸೆಯಾಗಿ ಬಂದಾಗಿನಿಂದ ಅದು ಅಡುಗೆಮನೆಯ ಗೋಡೆಯಲ್ಲಿ ಓಡುತ್ತಲೇ ಇತ್ತು. ವಾರಕ್ಕೊಮ್ಮೆ ಕೀಲಿ ಕೊಡುವವರು ಅವರೇ, ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಿನಗೊಬ್ಬನಿಗೆ ಮಾತ್ರ ಎಲ್ಲವನ್ನೂ ಹೇಳಿಕೊಟ್ಟರು. ಎಣ್ಣೆ ಸೂಜಿಮೊನೆಯಷ್ಟೇ ಸಾಕು, ಕತ್ತಲಲ್ಲಿ ಹೊಳೆಯುವ ಅಂಕಿಗಳ ಬಣ್ಣ ವಿಷ, ಅದನ್ನು ಕೆರೆಯಬೇಡ, ಹಳೆಯ ಸ್ಕ್ರೂ ಬಿಚ್ಚಿದರೆ ಅದನ್ನೇ ಮತ್ತೆ ಹಾಕು ಎಂದು.

ಸರ್ವಿಸ್ ಮಾಡಿಕೊಡುತ್ತೇನೆಂದು ಅದನ್ನು ಒಯ್ದವನು ನೀನು. ಅವರು ಫೋನಿನಲ್ಲಿ ಕೇಳಿದಾಗಲೆಲ್ಲ "ಎಣ್ಣೆ ಹಾಕಿದೀನಪ್ಪ, ಸ್ವಲ್ಪ ದಿನ ಓಡಿಸಿ ನೋಡ್ಬೇಕು" ಎಂದೆ.

ಕೂಡಿಟ್ಟ ಗಡಿಯಾರಗಳ ಪ್ರದರ್ಶನ ಇಟ್ಟಿರುವ ಸುದ್ದಿಯನ್ನು ನೀನು ಮನೆಯಲ್ಲಿ ಉಸುರಲೇ ಇಲ್ಲ. ಪೇಪರಿನಲ್ಲಿ ನಿನ್ನ ಫೋಟೋ ಕಂಡು ಹಿಗ್ಗಿದ ಮಾವನವರು ಇಸ್ತ್ರಿಯ ಅಂಗಿ ತೊಟ್ಟು ತಾವಾಗಿಯೇ ಹೊರಟರು. ಜೊತೆಗೆ ಅತ್ತೆ, ನಾನು.

ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಗಡಿಯಾರ. ಮುಖದ ಗಾಜು ಒಡೆದಿತ್ತು, ಮುಳ್ಳು ಸೊಟ್ಟಗಾಗಿತ್ತು, ಅಂಚು ಸುಟ್ಟು ಕಪ್ಪಾಗಿತ್ತು. ಕೆಳಗೆ ನಿನ್ನ ಕಾರ್ಡು: ವಿಮಾನ ನೆಲಕ್ಕುರುಳಿ ಪೈಲಟ್ ಪ್ರಾಣಬಿಟ್ಟ ಗಳಿಗೆಯಲ್ಲೇ ನಿಂತ ಗಡಿಯಾರ. ಜೊತೆಗೊಂದು ಇಸವಿ ಬೇರೆ! ಮಾವನವರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದರು. ಅತ್ತೆ ಒಂದೇ ಸಲ ಓದಿ, ಬೆರಳು ಮಡಿಚಿ ಲೆಕ್ಕ ಹಾಕಿದರು. "ಇವ್ನು ಹುಟ್ಟೋಕೆ ಮೂರು ವರ್ಷ ಮುಂಚೇನೇ ಇವ್ರು ಸತ್ತೋದ್ರಂತೆ. ಹಾಗಾದ್ರೆ ಇವ್ನನ್ನ ನಾನು ಯಾರಿಗೆ ಹೆತ್ತೆ?" ಎಂದರು. ನನಗೆ ಮೊದಲು ನಗು ಬಂತು, ಹಿಂದೆಯೇ ಮೈಯೆಲ್ಲ ಉರಿಯಿತು. ಸತ್ಯದ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳುವವರನ್ನು ಕಂಡಿದ್ದೇನೆ. ನೀನು ಹೆತ್ತವಳ ತಲೆಯ ಮೇಲೇ ಹೊಡೆದೆಯಲ್ಲೋ!

ಅಷ್ಟರಲ್ಲಿ ಗಡಿಯಾರ ಕೊಳ್ಳಲು ಬಂದ ಒಬ್ಬರನ್ನು ಕರೆದುಕೊಂಡು ನೀನು ಬಂದೆ. ನಮ್ಮನ್ನು ಕಂಡು ಮುಖ ಬಿಳಿಚಿತು. ಆತ "ಇವರು ಯಾರು?" ಎಂದರೆ, ನೀನು "ನಮ್ಮ ಬೀದಿಯ ಹಿರಿಯರು" ಎಂದೆ. ಸ್ವಂತ ಅಪ್ಪನನ್ನು! ಮಾವನವರು ನಿನ್ನ ಮುಖವನ್ನೊಮ್ಮೆ ನೋಡಿ, "ಹೌದು ಸಾರ್, ಹೀಗೇ ನೋಡ್ಕೊಂಡು ಹೋಗೋಣಾಂತ ಬಂದ್ವಿ" ಎಂದರು. ನಿನ್ನ ಮಾನ ಉಳಿಯಲೆಂದು ಸತ್ತವರಾಗಿಯೇ ನಿಂತರು.

ನನಗೆ ಆ ತಾಳ್ಮೆ ಇಲ್ಲ. "ಇದು ನಮ್ಮ ಅಡುಗೆಮನೆ ಗಡಿಯಾರ. ಸತ್ತೋರು ಇಲ್ಲೇ ನಿಂತಿದಾರೆ, ಮಾತಾಡ್ಸಿ" ಎಂದು ಆತನಿಗೆ ಹೇಳಿ, ಮುಚ್ಚಳ ಎತ್ತಿ, ಗಡಿಯಾರವನ್ನು ಚೀಲಕ್ಕೆ ಹಾಕಿಕೊಂಡೆ. ಈಗ ಕಳವಿನ ದೂರು ಕೊಡುತ್ತೇನೆಂದು ಅಣ್ಣನಿಗೆ ಫೋನು ಮಾಡಿದ್ದೀಯಂತೆ. ಕೊಡು. ವಸ್ತು ಯಾರದೆಂದು ಪೊಲೀಸರು ಕೇಳುತ್ತಾರೆ. ಅಲ್ಲಾದರೂ ಬಾಯಿಬಿಟ್ಟು "ನಮ್ಮಪ್ಪನದು" ಅನ್ನು.

ಮಾವನವರು ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದಾರೆ. ಒಳಗಿನ ಚಕ್ರದ ಅಚ್ಚು ಮುರಿದಿದೆ. "ಬಿದ್ದು ಮುರಿದದ್ದಲ್ಲ, ಸುತ್ತಿಗೆ ಏಟು" ಎಂದರು. ನಿನ್ನನ್ನು ಬೈಯಲಿಲ್ಲ. ಬೆಳಿಗ್ಗೆ ನನ್ನನ್ನು ಕರೆದು, "ಅವ್ನ ಹತ್ರ ಇದೇ ಜಾತಿದು ಇನ್ನೊಂದಿದೆ. ಅದ್ರ ಎಣ್ಣೆ ಒಣಗಿರತ್ತೆ, ನೆನಪು ಮಾಡಮ್ಮ" ಎಂದರು.

ನೆನಪು ಮಾಡಿದ್ದೇನೆ.

ನಿನಗೆ ಒಳ್ಳೆಯ ಮಕ್ಕಳಾಗಲಿ. ನಾಲ್ಕು ಜನರೆದುರು ಅವರು ನಿನ್ನನ್ನು ಅಪ್ಪ ಎಂದು ಕರೆಯಲಿ.

ಇನ್ನೂ ಸಿಟ್ಟಿಳಿಯದ,
ನಿನ್ನ ಅತ್ತಿಗೆ