ಸರೂ ಅಜ್ಜಿಯ ಅಳತೆ

ನವಲಗುಂದ
೧೦ ಆಗಸ್ಟ್ ೨೦೨೫, ರವಿವಾರ

ಪ್ರೀತಿಯ ಸರೂ ಅಕ್ಕನಿಗೆ ತಮ್ಮ ಬಾಳಕೃಷ್ಣನ ನಮಸ್ಕಾರಗಳು.

ನಿನ್ನೆ ಮಧ್ಯಾಹ್ನ ನನ್ನ ಮೊಮ್ಮಗಳು ಮೈತ್ರೇಯಿ ಎರಡು ಭಕ್ಕರಿ, ಪುಂಡಿಪಲ್ಯ ತಿಂದು ಮೇಲೊಂದು ವಾಟಗಾ ಮಜ್ಜಿಗೆ ಕುಡಿದಳು. ಹೇಳಿದವಳು ಸೊಸೆ ಗೌತಮಿ. ನಾನು ಆಗ ಬಜಾರದಲ್ಲಿದ್ದೆ, ಕಣ್ಣಾರೆ ಕಂಡಿಲ್ಲ. ಆದರೆ ಮಗಳ ತಾಟಿನ ವಿಷಯದಲ್ಲಿ ಗೌತಮಿ ಈಗೀಗ ಸುಳ್ಳು ಹೇಳುವವಳಲ್ಲ, ಆದ್ದರಿಂದ ಸುದ್ದಿ ಖರೆ ಎಂದೇ ತಿಳಿ.

ಮೊದಲು ನಿನ್ನ ಮೊಣಕಾಲಿನ ಸಮಾಚಾರ ಕೇಳಬೇಕಿತ್ತು, ಈ ಸುದ್ದಿ ಮುಂದೆ ನುಗ್ಗಿಬಿಟ್ಟಿತು. ಮಿರಜದ ಮಳೆಗೆ ನೋವು ಹೆಚ್ಚಾಗಿದೆಯೇ? ಕಿವಿಯ ಯಂತ್ರ ಹಾಕಿಕೊಳ್ಳುತ್ತೀಯೋ, ಅದು ಡಬ್ಬಿಯಲ್ಲೇ ಇದೆಯೋ? ಫೋನಿನಲ್ಲಿ ನಾನೊಂದು ಕೇಳಿದರೆ ನೀನು ಮತ್ತೊಂದಕ್ಕೆ ಉತ್ತರ ಕೊಡುತ್ತೀ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಕ್ಷೇಮ. ಹೊಲದಲ್ಲಿ ಹೆಸರು ಬಿಡಿಸುವುದು ಶುರುವಾಗಿದೆ, ಆಳು ಸಿಗುತ್ತಿಲ್ಲ. ನನ್ನ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ.

ಮೈತ್ರೇಯಿಯ ಊಟ ಸುದ್ದಿಯಾಗಿದ್ದು ಯಾಕೆ ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ಮೇ ತಿಂಗಳಲ್ಲಿ ಅಣ್ಣಿಗೇರಿಯಲ್ಲಿ ಅವಳ ಸೋದರಮಾವನ ನಿಶ್ಚಯ ಆಯಿತಲ್ಲ, ಅಲ್ಲಿ ಪಂಕ್ತಿಯಲ್ಲಿ ಬೀಗರ ಕಡೆಯ ಹೆಂಗಸೊಬ್ಬಳು ಎಲ್ಲರೆದುರು ಅಂದಳಂತೆ, "ಅಯ್ಯ, ಹದಿನೇಳಕ್ಕs ಇಷ್ಟು ಮೈ! ಮನ್ಯಾಗ ಉಳದವ್ರಿಗೆ ಏನರ ಉಳಸ್ತೀಯೋ ಇಲ್ಲೋ?" ಸುತ್ತಲಿನವರು ನಕ್ಕರು. ಮೈತ್ರೇಯಿಯೂ ನಕ್ಕಳು. ಅಂದಿನಿಂದ ಅವಳ ಊಟ ಕಡಿಮೆಯಾಯಿತು. ಮೊದಲು ರಾತ್ರಿಯದು ಬಿಟ್ಟಳು, ಆಮೇಲೆ ಕಾಲೇಜಿನ ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬರತೊಡಗಿತು. ಜುಲೈಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಚಕ್ಕರ್ ಬಂದು ಬಿದ್ದಳು. ಮಗ ವಿಜಯೀಂದ್ರ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ, ನಾನೂ ಹೋಗಿದ್ದೆ. ಡಾಕ್ಟರು ನಮ್ಮ ಗೌತಮಿಯ ವಯಸ್ಸಿನ ಹೆಣ್ಣುಮಗಳು, ಸಾವಧಾನದಿಂದ ಮಾತಾಡುತ್ತಾರೆ. ಥೈರಾಯ್ಡ್ ಸರಿ ಇದೆ, ರಕ್ತ ಕಡಿಮೆ ಇದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾರ, ನಿಮ್ಮ ಮನೆತನದಾಗ ಈಕೀ ಹಂಗ ಅಗಲ ಕಟ್ಟಿನವರು ಯಾರಿದ್ದಾರ್ರಿ?" ಎಂದು ಕೇಳಿದರು.

ನಾನು ಯಾರೂ ಇಲ್ಲ ಎಂದೆ. ನಾನು ನೋಡಿದರೆ ತೊಗರಿಕಟ್ಟಿಗೆ. ಭಕ್ಕರಿ ನಾಲ್ಕು ತಿನ್ನುತ್ತೇನೆ, ಗೌತಮಿ ದಿನಾ ಅನ್ನುವ ಮಾತು ಒಂದೇ, "ಮಾವನೋರು ತಿಂದದ್ದು ಎಲ್ಲೆ ಹೋಗ್ತದೋ ದೇವರಿಗೇ ಗೊತ್ತು." ವಿಜಯೀಂದ್ರನೂ ನನ್ನ ಹಾಗೆ. ಗೌತಮಿಯ ತವರಿನವರೂ ತೆಳ್ಳಗಿನವರೇ. ನಿನ್ನ ನೆನಪು ಆ ಹೊತ್ತಿಗೆ ಬರಲಿಲ್ಲ. ನೀನು ಈ ಮನೆ ಬಿಟ್ಟು ಐವತ್ತು ವರ್ಷದ ಮೇಲಾಯಿತು, ನನ್ನ ಕಣ್ಣಿನಲ್ಲಿ ಈಗ ಉಳಿದಿರುವುದು ಕೋಲು ಹಿಡಿದ ಮುದುಕಿ.

ನೆನಪು ಮಾಡಿಕೊಟ್ಟಿದ್ದು ಒಂದು ತಪ್ಪು. ತುಳಸಿಲಗ್ನ ಮುಗಿದ ಮೇಲೆ ಆ ಸೋದರಮಾವನ ಮದುವೆ. ಮೈತ್ರೇಯಿಗೆ ಇಳಕಲ್ ಸೀರೆ, ಖಣದ ಜಂಪರು ಆಗಬೇಕು. ಅವಳು ಟೇಪು ಮೈಗೆ ಮುಟ್ಟಿಸಿಕೊಳ್ಳಲು ಒಲ್ಲೆ ಎಂದಳು. ನಮ್ಮಲ್ಲಿ ಹಳೆಯ ಜಂಪರನ್ನೇ ಅಳತೆಗೆ ಕೊಡುವ ರೂಢಿ ಇದೆಯಲ್ಲ, ಹಾಗೇ ಮಾಡೋಣ ಎಂದು ಗೌತಮಿ ಅಂದಳು. ಟ್ರಂಕಿನಲ್ಲಿ ಧೋತರದ ತುಂಡಿನಲ್ಲಿ ಸುತ್ತಿದ ಮೈತ್ರೇಯಿಯ ಹಳೆಯ ಜಂಪರಿನ ಗಂಟಿದೆ, ಅದನ್ನು ಹೊಲಿಗೆಯ ಸುಲ್ತಾನಾಗೆ ಮುಟ್ಟಿಸಿ ಬರ್ರಿ ಎಂದು ನನಗೆ ಹೇಳಿದಳು. ಅಂಥ ಗಂಟು ಎರಡಿದ್ದವು. ನಾನು ಕೈಗೆ ಸಿಕ್ಕಿದ್ದನ್ನು ಒಯ್ದೆ, ಬಿಚ್ಚಿ ನೋಡಲಿಲ್ಲ. ಹೆಂಗಸರ ಜಂಪರು ಬಿಚ್ಚಿ ನೋಡಿದ್ದರೂ ನನಗೇನು ತಿಳಿಯುತ್ತಿತ್ತು?

ಶುಕ್ರವಾರ ಸಂಜೆ ಸುಲ್ತಾನಾ ಹೊಲಿದದ್ದನ್ನು ತಾನೇ ಮನೆಗೆ ತಂದಳು. ಅಳತೆಯ ಜಂಪರನ್ನು ವಾಪಸು ಕೊಟ್ಟಾಗ ಗೌತಮಿ ಹಣೆ ಚಚ್ಚಿಕೊಂಡಳು. ಅದು ಹಸಿರು ಖಣದ್ದು, ಕೈಹೊಲಿಗೆಯದು, ಮಾಸಿದ ಕೆಂಪು ಅಂಚಿನದು. ನಿನ್ನದೇ, ಮದುವೆಗೆ ಮೊದಲಿನದು, ಅವ್ವ ಹೊಲಿದದ್ದು. ದುಡ್ಡೂ ಹೋಯಿತು ಬಟ್ಟೆಯೂ ಹೋಯಿತು ಎಂದು ಗೌತಮಿ ಗೊಣಗುತ್ತಿದ್ದಂತೆ ಮೈತ್ರೇಯಿ ಹೊಸದನ್ನು ತೊಟ್ಟುಕೊಂಡು ಹೊರಗೆ ಬಂದಳು. ಹೆಗಲು ಸರಿ, ತೋಳು ಸರಿ, ಬೆನ್ನು ಸರಿ. ಬಗಲಲ್ಲಿ ಮಾತ್ರ ಎರಡು ಬೆರಳು ಸಡಿಲ, ಅದು ಈಗ ಸೊರಗಿದ್ದಕ್ಕೆ. ಸುಲ್ತಾನಾ ನಕ್ಕು, "ಕಾಕಾ, ನಿಮ್ಮ ಮನ್ಯಾಗ ಅಳತಿ ಒಂದ ಐತ್ರಿ, ಹೆಸರಷ್ಟ ಬ್ಯಾರೆ ಇಡ್ತೀರಿ" ಅಂದಳು.

ಆಗ ನನ್ನ ತಲೆಯಲ್ಲಿ ಒಂದೊಂದೇ ಕೂಡಿಕೊಳ್ಳತೊಡಗಿತು. ನಮ್ಮ ಅಜ್ಜಿಯ ಪಾಟಲಿ ಬಳೆ ಮನೆಯ ಹೆಂಗಸರಲ್ಲಿ ನಿನ್ನೊಬ್ಬಳ ಕೈಗೇ ನಿಲ್ಲುತ್ತಿತ್ತು, ಉಳಿದವರ ಕೈಯಿಂದ ಜಾರುತ್ತಿತ್ತು. ಅಂದರೆ ಈ ಕಟ್ಟು ಅಜ್ಜಿಯಿಂದ ಅಪ್ಪನ ಮೂಲಕ ನಿನಗೆ ಬಂತು. ಮೈತ್ರೇಯಿಗೆ ಬಂದದ್ದು ನನ್ನ ಮೂಲಕ, ವಿಜಯೀಂದ್ರನ ಮೂಲಕ. ಮೂವರು ತೆಳ್ಳಗಿನ ಗಂಡಸರನ್ನು ದಾಟಿ ಬಂದಿದೆ, ನಮ್ಮಲ್ಲಿ ಒಬ್ಬರ ಮೈಮೇಲೂ ಕಾಣಿಸಿಕೊಳ್ಳಲಿಲ್ಲ! ಇದು ಹೇಗೆ ಎಂದು ನಿನ್ನೆ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಇದಕ್ಕೆ ಒಂದೇ ಜೀನ್ ಇರುವುದಿಲ್ಲ, ನೂರಾರು ಇರುತ್ತವೆ, ಒಂದೊಂದೂ ಸ್ವಲ್ಪ ಸ್ವಲ್ಪ ಜಗ್ಗುತ್ತದೆ ಎಂದರು. ಹಸಿವು ಎಷ್ಟು, ಹೊಟ್ಟೆ ತುಂಬಿತು ಅನ್ನಿಸುವುದು ಯಾವಾಗ, ಕೊಬ್ಬು ಕೂಡುವುದು ಎಲ್ಲಿ, ಎಲ್ಲದರಲ್ಲೂ ಅವುಗಳ ಕೈ ಇದೆಯಂತೆ. ಪ್ರತಿ ಮಗುವಿನಲ್ಲೂ ಹೊಸದಾಗಿ ಬೆರೆಯುವುದರಿಂದ ಒಬ್ಬರಲ್ಲಿ ಕಾಣದ್ದು ಮೊಮ್ಮಕ್ಕಳಲ್ಲಿ ಕಾಣಬಹುದಂತೆ. ದತ್ತು ಹೋದ ಮಕ್ಕಳು ಬೆಳೆದ ಮೇಲೆ ಮೈಕಟ್ಟಿನಲ್ಲಿ ಸಾಕಿದವರಿಗಿಂತ ಹೆತ್ತವರನ್ನೇ ಹೆಚ್ಚು ಹೋಲುತ್ತಾರೆ ಎಂದು ಹಿಂದೊಮ್ಮೆ ಪೇಪರಿನಲ್ಲಿ ಓದಿದ್ದೆ. ಅದೂ ಹೌದು ಎಂದರು. ಆದರೆ ಎಲ್ಲವೂ ರಕ್ತದ್ದೇ ಅಂದುಕೊಳ್ಳಬೇಡಿ, ಊಟ, ನಿದ್ದೆ, ಓಡಾಟಕ್ಕೂ ದೊಡ್ಡ ಪಾಲಿದೆ, ಹೆಗಲಿನ ಎಲುಬನ್ನು ಮಾತ್ರ ಉಪವಾಸದಿಂದ ಸಣ್ಣ ಮಾಡಲಿಕ್ಕೆ ಆಗುವುದಿಲ್ಲ ಎಂದೂ ಹೇಳಿದರು. ನಾನು ಇದನ್ನೆಲ್ಲ ಮೈತ್ರೇಯಿಗೆ ಓದಿ ಹೇಳುವವನ ಹಾಗೆ ಹೇಳಿದೆ. ಅವಳು ಮೊಬೈಲು ನೋಡುತ್ತಲೇ ಕೇಳಿಸಿಕೊಂಡಳು.

ಒಂದು ಹೊತ್ತಿನ ಊಟದಿಂದ ಎಲ್ಲ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ. ಇವತ್ತು ಬೆಳಿಗ್ಗೆ ಉಪ್ಪಿಟ್ಟನ್ನು ಅರ್ಧ ಬಿಟ್ಟಿದ್ದಾಳೆ.

ನಿನ್ನ ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೋ, ಸಂಕೋಚ ಮಾಡಬೇಡ.

ನಿನ್ನ ತಮ್ಮ,
ಬಾಳಕೃಷ್ಣ

ತಾ.ಕ.: ಸುಲ್ತಾನಾ ತೋರಿಸಿದ ಒಂದು ಸಂಗತಿ ಮೇಲೆ ಬರೆಯಲು ಧೈರ್ಯ ಆಗಲಿಲ್ಲ. ನಿನ್ನ ಜಂಪರಿನ ಎರಡೂ ಬಗಲಲ್ಲಿ, ಹೊಲಿಗೆಯಿಂದ ಎರಡು ಬೆರಳು ಒಳಗೆ, ಹಳೆಯ ಸೂಜಿಯ ತೂತುಗಳ ಸಾಲಿದೆ. ಅಂದರೆ ಒಂದು ಕಾಲಕ್ಕೆ ಅದನ್ನು ಅಷ್ಟು ಬಿಗಿ ಹಿಡಿದು, ಆಮೇಲೆ ಬಿಚ್ಚಿ ಮೊದಲಿನಂತೆ ಮಾಡಿದ್ದಾರೆ. "ನಿಂದೂ ಇಷ್ಟ ಹಿಡೀಲೇನವಾ?" ಎಂದು ಸುಲ್ತಾನಾ ಕೇಳಿದಳು. ಮೈತ್ರೇಯಿ ಆ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ "ಸದ್ಯ ಬ್ಯಾಡ್ರಿ, ಹಂಗs ಇರ್ಲಿ" ಅಂದಳು. ಸುಲ್ತಾನಾ ಹೋದ ಮೇಲೆ ನನ್ನನ್ನು ಕೇಳಿದಳು, "ಅಜ್ಜಾ, ಸರೂ ಅಜ್ಜೀನೂ ಊಟ ಬಿಟ್ಟಿದ್ಲೇನು? ಮತ್ತ ಯಾಕ ಶುರು ಮಾಡಿದ್ಲು?" ಆಗ ನಾನು ಸಣ್ಣವನು, ನನಗೇನೂ ಗೊತ್ತಿಲ್ಲ ಅಕ್ಕ. ಉತ್ತರ ನನಗೆ ಬರೆಯಬೇಡ, ಅವಳಿಗೇ ಬರೆ. ಬರೆದದ್ದನ್ನು ನಿನ್ನ ಮಗಳು ಫೋಟೋ ತೆಗೆದು ಮೈತ್ರೇಯಿಯ ಮೊಬೈಲಿಗೆ ಹಾಕಲಿ, ಅಂಚೆಯ ದಾರಿ ಕಾಯುವುದು ಬೇಡ. ಡಾಕ್ಟರ ಮುಂದಿನ ಭೇಟಿ ಗುರುವಾರ, ೨೧ನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ, ಹುಬ್ಬಳ್ಳಿಯಲ್ಲಿ.